ಪಡುಗಡಲ ಹೆದ್ದಾರಿ

ಮನೆಯಲ್ಲಿ ಮಕ್ಕಳ ಶಾಲೆಯ ಭೂಪಟವೊಂದು ಇದ್ದರೆ ದಯವಿಟ್ಟು ಅದನ್ನು ಎದುರಿಗೆ ಹರಡಿಕೊಳ್ಳಿ. ಮುಂಬಯಿಯ ಬಗಲಿಗಿರುವ ಪನವೇಲಿನ ಮೇಲೆ ಬೆರಳಿಟ್ಟು, ಪಡುವಣ ಕಡಲಿನ ಅಂಚು ಹಿಡಿದು ಮೆಲ್ಲಗೆ ಕೆಳಕ್ಕೆ ಜಾರಿಸಿ. ಕೊಂಕಣ, ಗೋವೆ, ನಮ್ಮ ಕಾರವಾರ, ಮಂಗಳೂರು, ಕೇರಳದ ಉದ್ದಕ್ಕೂ ಸರಿದು ನಿಮ್ಮ ಬೆರಳು ಕನ್ಯಾಕುಮಾರಿಯಲ್ಲಿ ನಿಲ್ಲುತ್ತದೆ. ಅದರಾಚೆ ನೆಲವಿಲ್ಲ. ಹೀಗೆ ಬೆರಳು ನಡೆದ ಹಾದಿಯೇ ಇಂದಿನ ರಾಷ್ಟ್ರೀಯ ಹೆದ್ದಾರಿ 66. ಐದು ರಾಜ್ಯಗಳ ಮೂಲಕ ಹಾಯುವ ಇದರ ಉದ್ದ ಸುಮಾರು 1,600 ಕಿಲೋಮೀಟರು.

ಭೂಪಟದ ಮೇಲೆ ಇದು ಅರೆ ನಿಮಿಷದ ಕೆಲಸ. ನೆಲದ ಮೇಲೆ ಅಷ್ಟು ಸುಲಭವಲ್ಲ. ಆ ಕಷ್ಟದ ಕಥೆಯನ್ನೇ ಈ ಹೊತ್ತು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ನಮ್ಮ ಮನೆಯಲ್ಲಿ ಕುಂದಾಪುರದ ಕಡೆಯಿಂದ ಬಂದ ದೊಡ್ಡಜ್ಜಿಯೊಬ್ಬರಿದ್ದರು. “ಅಜ್ಜೀ, ನಿಮ್ಮೂರಿನಿಂದ ಮಂಗಳೂರು ಎಷ್ಟು ದೂರ?” ಎಂದು ಕೇಳಿದರೆ ಅವರು ಮೈಲಿಯ ಲೆಕ್ಕ ಹೇಳುತ್ತಿರಲಿಲ್ಲ. “ಆರ್ ಹೊಳಿ ದಾಟ್ಕ್ ಮಗಾ” ಎನ್ನುತ್ತಿದ್ದರು. ದೂರವನ್ನು ಹೊಳೆಯಲ್ಲಿ ಅಳೆಯುವುದುಂಟೇ ಎಂದು ನಾವು ಮಕ್ಕಳೆಲ್ಲ ನಗುತ್ತಿದ್ದೆವು. ದೊಡ್ಡವನಾದ ಮೇಲೆ ಒಮ್ಮೆ ಬಸ್ಸಿನ ಕಿಟಕಿಯ ಬಳಿ ಕುಳಿತು ಎಣಿಸುತ್ತ ಬಂದೆ. ಮಾಬುಕಳದಲ್ಲಿ ಸೀತೆ, ಕಲ್ಯಾಣಪುರದಲ್ಲಿ ಸುವರ್ಣೆ, ಉಡುಪಿ ದಾಟಿದರೆ ಉದ್ಯಾವರದ ಹೊಳೆ, ಮೂಲ್ಕಿಯಲ್ಲಿ ಶಾಂಭವಿ, ಪಾವಂಜೆಯಲ್ಲಿ ನಂದಿನಿ, ಕೂಳೂರಿನಲ್ಲಿ ಗುರುಪುರ ಹೊಳೆ. ಸರಿಯಾಗಿ ಆರು. ಅಜ್ಜಿಯ ಲೆಕ್ಕ ತಪ್ಪಿರಲಿಲ್ಲ.

ಆ ಕಾಲದ ಪ್ರಯಾಣವೆಂದರೆ, ಬಸ್ಸು ಹೊಳೆಯ ದಡದವರೆಗೆ ಬಂದು ನಿಲ್ಲುವುದು. ಗಂಟುಮೂಟೆ ಹೊತ್ತು ಕಡವಿಗೆ ಇಳಿಯುವುದು. ದೋಣಿಯಲ್ಲಿ ಹೊಳೆ ದಾಟಿ ಆಚೆ ದಡದಲ್ಲಿ ಕಾದಿರುವ ಇನ್ನೊಂದು ಬಸ್ಸನ್ನು ಹತ್ತುವುದು. ಮುಂದಿನ ಹೊಳೆಯಲ್ಲಿ ಮತ್ತೆ ಅದೇ ಪಾಡು. ಕಡವಿನಲ್ಲಿ ಅಂಬಿಗನ ಮಾತೇ ಕೊನೆಯ ಮಾತು. ಅವನು ಉಬ್ಬರವೋ ಇಳಿತವೋ ಎಂದು ನೀರು ನೋಡುತ್ತಿದ್ದ. ಮೂಡಣ ಘಟ್ಟದ ಮೇಲೆ ಮೋಡ ನೋಡುತ್ತಿದ್ದ. “ಈಗ ಆತಿಲ್ಲೆ, ನೀರ್ ಇಳೀಲಿ” ಎಂದನೆಂದರೆ ಮುಗಿಯಿತು. ಊರ ಶ್ಯಾನುಭೋಗರಾದರೂ ಸರಿ, ಮದುವೆಯ ದಿಬ್ಬಣವಾದರೂ ಸರಿ, ದಡದ ಮೇಲೆ ಕಾದು ಕುಳಿತುಕೊಳ್ಳಲೇಬೇಕು. ಈ ಅಂಬಿಗನನ್ನು ತುಸು ನೆನಪಿನಲ್ಲಿಟ್ಟುಕೊಳ್ಳಿ. ಕೊನೆಯಲ್ಲಿ ಮತ್ತೆ ಅವನ ಬಳಿಗೇ ಬರುತ್ತೇನೆ.

ಈ ಹೆದ್ದಾರಿಯ ಹಳೆಯ ಅಂಕೆ ಹಲವರಿಗೆ ನೆನಪಿರಬಹುದು. ಪನವೇಲಿನಿಂದ ಕೊಚ್ಚಿಯ ಬಳಿಯ ಇಡಪ್ಪಳ್ಳಿಯವರೆಗೆ ಇದು 17ನೆಯ ಹೆದ್ದಾರಿಯಾಗಿತ್ತು. ಅಲ್ಲಿಂದ ತೆಂಕಣಕ್ಕೆ 47ನೆಯದು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಅಂಕೆ ಕೊಟ್ಟಾಗ, ಬಡಗಿನಿಂದ ತೆಂಕಿಗೆ ಹೋಗುವ ದೊಡ್ಡ ದಾರಿಗಳಿಗೆ ಸಮಸಂಖ್ಯೆ, ಮೂಡಣದಿಂದ ಪಡುವಣಕ್ಕೆ ಹೋಗುವವಕ್ಕೆ ಬೆಸಸಂಖ್ಯೆ ಎಂಬ ಕ್ರಮ ಬಂತು. ಆಗ ಇದಕ್ಕೆ 66 ಎಂಬ ಅಂಕೆ ದೊರೆಯಿತು. ನಮ್ಮ ಊರುಗಳಲ್ಲಿ ಇನ್ನೂ ‘ಹದಿನೇಳು’ ಎಂದೇ ಹೇಳುವವರಿದ್ದಾರೆ; ಅದು ಬಾಯಿಯ ಅಭ್ಯಾಸ.

ಇನ್ನು ಹಾದಿಯ ವಿಚಾರಕ್ಕೆ ಬರೋಣ. ನಮ್ಮ ಪಡುವಣ ಕರಾವಳಿ ಒಂದು ಕಿರಿದಾದ ಪಟ್ಟಿ. ಒಂದು ಬದಿಗೆ ಸಹ್ಯಾದ್ರಿ, ಇನ್ನೊಂದು ಬದಿಗೆ ಅರಬ್ಬೀ ಸಮುದ್ರ. ಇಲ್ಲಿ ಮಳೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲು. ಅದರ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದು ಹೋಗುತ್ತದೆ. ಘಟ್ಟದಲ್ಲಿ ಬಿದ್ದ ನೀರು ಐವತ್ತು, ನೂರು ಕಿಲೋಮೀಟರಿನೊಳಗೆ ಕಡಲು ಸೇರಬೇಕು. ಆದ್ದರಿಂದ ಹೊಳೆಗಳು ಗಿಡ್ಡ, ಆದರೆ ಅಳಿವೆಗಳು ಅಗಲ. ಬಡಗಿನಿಂದ ತೆಂಕಿಗೆ ರಸ್ತೆ ಎಳೆಯುವವನು ಇವನ್ನೆಲ್ಲ ಅಡ್ಡ ದಾಟಲೇಬೇಕು. ಅವನ ಮುಂದೆ ಇರುವ ದಾರಿಗಳು ಎರಡೇ. ಹೊಳೆಯ ಮೇಲುಗಡೆಗೆ ಹೋಗಿ, ಅದು ಕಿರಿದಾಗಿರುವಲ್ಲಿ ದಾಟುವುದು ಒಂದು. ಆಗ ಬೆಟ್ಟಗಳ ಕಾಟ. ಕಡಲಿನ ಹತ್ತಿರ, ನೆಲ ಸಮವಾಗಿರುವಲ್ಲಿ ದಾಟುವುದು ಇನ್ನೊಂದು. ಆಗ ಅಳಿವೆಗಳ ಕಾಟ. ಬೆಟ್ಟವೋ, ಹೊಳೆಯೋ? 66ನೆಯ ಹೆದ್ದಾರಿಯ ಇಡೀ ಹಾದಿಯನ್ನು ಈ ಒಂದು ಪ್ರಶ್ನೆಯಿಂದ ಅರ್ಥಮಾಡಿಕೊಳ್ಳಬಹುದು.

ಮಹಾರಾಷ್ಟ್ರದಲ್ಲಿ ರಸ್ತೆ ಬೆಟ್ಟವನ್ನು ಆರಿಸಿಕೊಂಡಿದೆ. ಪನವೇಲಿನಿಂದ ಹೊರಟು, ಹಕ್ಕಿಗಳ ಆಶ್ರಯವಾದ ಕರ್ನಾಳಾ ಕಾಡನ್ನು ದಾಟಿ, ಗಣಪತಿ ಮೂರ್ತಿಗಳಿಗೆ ಹೆಸರಾದ ಪೇಣ್, ಅಲ್ಲಿಂದ ಕೋಲಾಡ, ಮಾಣಗಾಂವ, ಮಹಾಡ, ಪೋಲಾದಪುರ. ಮುಂದೆ ಕಶೇಡಿ ಘಾಟು. ಅದನ್ನಿಳಿದರೆ ಖೇಡ, ಚಿಪಳೂಣ, ಸಂಗಮೇಶ್ವರ, ರಾಜಾಪುರ, ಖಾರೇಪಾಟಣ, ಕಣಕವಲಿ, ಸಾವಂತವಾಡಿ. ಈ ಹಾದಿಯಲ್ಲಿ ಬಹುಮಟ್ಟಿಗೆ ಕಡಲು ಕಣ್ಣಿಗೆ ಬೀಳುವುದೇ ಇಲ್ಲ. ಹತ್ತಿಳಿ, ತಿರುವು, ಕೆಂಪು ಮಣ್ಣು, ಮತ್ತೆ ಹತ್ತಿಳಿ.

ಇಲ್ಲೊಂದು ಸ್ವಾರಸ್ಯವಿದೆ. ಮಹಾಡ, ಚಿಪಳೂಣ, ಸಂಗಮೇಶ್ವರ, ರಾಜಾಪುರ, ಇವೆಲ್ಲ ಕಡಲಿನಿಂದ ಎಷ್ಟೋ ಒಳಗಿವೆ. ಆದರೂ ಒಂದು ಕಾಲಕ್ಕೆ ಬಂದರುಗಳಾಗಿದ್ದವು. ಉಬ್ಬರದ ನೀರು ಹೊಳೆಯಲ್ಲಿ ಎಲ್ಲಿಯವರೆಗೆ ಏರುತ್ತಿತ್ತೋ ಅಲ್ಲಿಯವರೆಗೆ ಸರಕಿನ ದೋಣಿ ಬರುತ್ತಿತ್ತು. ಅಲ್ಲಿ ಪೇಟೆ ಬೆಳೆಯಿತು. ಘಟ್ಟದ ಎತ್ತಿನ ಹೇರು ಅಲ್ಲಿಗೆ ಇಳಿಯಿತು. ರಾಜಾಪುರದಲ್ಲಿ 17ನೆಯ ಶತಮಾನದಲ್ಲಿ ಇಂಗ್ಲಿಷರ ಕೋಠಿಯೇ ಇತ್ತು. ದೋಣಿಯ ದಾರಿ ಮುಗಿಯುವಲ್ಲಿ ಹೊಳೆಯೂ ಕಿರಿದಾಗುತ್ತದೆ. ಆದ್ದರಿಂದ ಸೇತುವೆಯೂ ಅಲ್ಲಿಯೇ ಬಂತು. ಹಳೆಯ ದೋಣಿಕಾರರ ಪೇಟೆಗಳನ್ನು ಹೊಸ ರಸ್ತೆ ಮಣಿಗಳಂತೆ ಪೋಣಿಸಿಕೊಂಡು ಹೋಯಿತು.

ಮಹಾಡದ ಹೆಸರು ಬಂದಾಗ ಇನ್ನೊಂದು ಮಾತನ್ನು ಬಿಡಲಾಗದು. 1927ರ ಮಾರ್ಚ್ 20ರಂದು ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದು ಹೋಗಿ ಚವದಾರ ಕೆರೆಯ ನೀರನ್ನು ಕುಡಿದದ್ದು ಈ ಊರಿನಲ್ಲಿಯೇ. ಕೆರೆಯ ನೀರು ಎಲ್ಲರದು ಎಂಬುದನ್ನು ದೇಶಕ್ಕೆ ತೋರಿಸಬೇಕಾಗಿತ್ತು. ಈ ದಾರಿಯಲ್ಲಿ ಹೋಗುವವರು ಅಲ್ಲಿ ಒಂದು ಗಳಿಗೆ ನಿಂತು ಹೋದರೆ ಪ್ರಯಾಣ ಸಾರ್ಥಕ.

ಅದೇ ಮಹಾಡದ ಹತ್ತಿರ ಸಾವಿತ್ರಿ ನದಿ. 2016ರ ಆಗಸ್ಟ್ 2ರ ರಾತ್ರಿ, ಮಹಾಪೂರದಲ್ಲಿ, ಬ್ರಿಟಿಷರ ಕಾಲದ ಕಲ್ಲು ಕಮಾನಿನ ಸೇತುವೆ ಕುಸಿಯಿತು. ಕತ್ತಲು, ಮಳೆ. ಮುಂದೆ ಸೇತುವೆಯಿಲ್ಲವೆಂಬುದು ಬರುವವರಿಗೆ ತಿಳಿಯುವ ಬಗೆಯಿರಲಿಲ್ಲ. ಎರಡು ಸರ್ಕಾರಿ ಬಸ್ಸುಗಳೂ ಇತರ ವಾಹನಗಳೂ ನೀರಿಗೆ ಹೋದವು. ಪಕ್ಕದಲ್ಲಿಯೇ ಇದ್ದ ಹೊಸ ಸೇತುವೆಗೆ ಏನೂ ಆಗಿರಲಿಲ್ಲ. ಅದರ ಬದಲಿಗೆ ಕಟ್ಟಿದ ಸೇತುವೆ 165 ದಿನಗಳಲ್ಲಿ ಎದ್ದು ನಿಂತು 2017ರ ಜೂನ್ 5ರಂದು ತೆರೆಯಿತು. ಇಷ್ಟು ಬೇಗ ಕಟ್ಟಬಲ್ಲವರು ನಾವು. ಹಳೆಯದನ್ನು ಹೊತ್ತಿಗೆ ಸರಿಯಾಗಿ ನೋಡಿಕೊಳ್ಳುವುದರಲ್ಲಿ ಮಾತ್ರ ಹಿಂದೆ ಬೀಳುತ್ತೇವೆ.

ಬಾಂದಾ ದಾಟಿದರೆ ಪತ್ರಾದೇವಿ. ಅಲ್ಲಿಂದ ಗೋವೆ. ಇಂದು ಬಸ್ಸು ಅಲ್ಲಿ ಹಾಯಾಗಿ ಹಾಯ್ದು ಹೋಗುತ್ತದೆ. 1955ರ ಆಗಸ್ಟ್ 15ರಂದು ಇದೇ ಗಡಿಯಲ್ಲಿ, ಗೋವೆಯ ಬಿಡುಗಡೆಗಾಗಿ ಬರಿಗೈಯಲ್ಲಿ ಒಳನಡೆದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. 1961ರ ಡಿಸೆಂಬರಿನವರೆಗೆ ಕರಾವಳಿಯ ದಾರಿ ಇಲ್ಲಿ ತುಂಡಾಗಿಯೇ ಇತ್ತು.

ಈ ಕರಾವಳಿಗೆ ಒಂದೇ ಉದ್ದದ ರಸ್ತೆ ಬಹಳ ಕಾಲ ಏಕೆ ಇರಲಿಲ್ಲ ಎಂಬುದಕ್ಕೆ ಹೊಳೆಗಳಷ್ಟೇ ಕಾರಣವಲ್ಲ. ಆಡಳಿತಗಳೂ ಕಾರಣ. ಮೇಲುಗಡೆ ಮುಂಬಯಿ ಪ್ರಾಂತ, ನಡುವೆ ಪೋರ್ಚುಗೀಸರ ಗೋವೆ, ಮತ್ತೆ ಮುಂಬಯಿಗೆ ಸೇರಿದ ಉತ್ತರ ಕನ್ನಡ, ಮದರಾಸಿಗೆ ಸೇರಿದ ದಕ್ಷಿಣ ಕನ್ನಡ ಮತ್ತು ಮಲಬಾರು, ಅದರ ನಡುವೆ ಫ್ರೆಂಚರ ಮಾಹೆ, ಕೆಳಗೆ ಕೊಚ್ಚಿ, ತಿರುವಾಂಕೂರು. ಒಂದೇ ಕಡಲು, ಒಂದೇ ಮಳೆ, ಒಂದೇ ತೆಂಗು. ಕಚೇರಿಗಳು ಮಾತ್ರ ಬೇರೆ ಬೇರೆ. ಪ್ರತಿಯೊಂದು ಕಚೇರಿಯೂ ತನ್ನ ಬಂದರಿನಿಂದ ಘಟ್ಟದ ಮೇಲಕ್ಕೆ ರಸ್ತೆ ಮಾಡಿಕೊಂಡಿತು. ಪಕ್ಕದವನ ಕಡೆಗೆ ಮಾಡುವ ಅವಸರ ಯಾರಿಗೂ ಇರಲಿಲ್ಲ. ಮುಂಬಯಿಗೆ ಹೋಗಬೇಕೆಂದವರು ಆಗಬೋಟು ಹತ್ತುತ್ತಿದ್ದರು. ಮಳೆಗಾಲದಲ್ಲಿ ಅದೂ ಇಲ್ಲ.

ಗೋವೆಯಿಂದ ರಸ್ತೆ ತನ್ನ ಮನಸ್ಸು ಬದಲಿಸುತ್ತದೆ. ಬೆಟ್ಟ ಬಿಟ್ಟು ಹೊಳೆಯನ್ನು ಆರಿಸಿಕೊಳ್ಳುತ್ತದೆ. ಮಾಂಡವಿ, ಜುವಾರಿ, ಎರಡನ್ನೂ ಅಳಿವೆಯ ಬಳಿಯಲ್ಲಿಯೇ ದಾಟುತ್ತದೆ. ಪಣಜಿಯಲ್ಲಿ ಮಾಂಡವಿಗೆ ಕಟ್ಟಿದ್ದ ಸೇತುವೆ ಎರಡು ದಶಕವನ್ನೂ ತುಂಬದೆ 1986ರ ಜುಲೈ 5ರಂದು ಮುರಿದು ಬಿತ್ತು. ಪಣಜಿಯ ಜನ ಮತ್ತೆ ದೋಣಿಯ ಸಾಲಿನಲ್ಲಿ ನಿಂತರು. ಇಂದು ಅಲ್ಲಿ ಬೇರೆ ಸೇತುವೆಗಳಿವೆ. ಉಕ್ಕಿನ ಹಗ್ಗಗಳಿಂದ ತೂಗಿದ ದೊಡ್ಡ ಸೇತುವೆ ಮಾಂಡವಿಯ ಮೇಲೆ 2019ರ ಜನವರಿಯಲ್ಲಿ ತೆರೆಯಿತು. ಜುವಾರಿಯ ಮೇಲೆ ಅಂಥದೇ ಸೇತುವೆಯ ಒಂದು ಭಾಗ 2022ರ ಡಿಸೆಂಬರಿನಲ್ಲೂ ಇನ್ನೊಂದು ಭಾಗ 2023ರ ಡಿಸೆಂಬರಿನಲ್ಲೂ ತೆರೆದವು. ಉಪ್ಪುಗಾಳಿಯಲ್ಲಿ ಕಬ್ಬಿಣ ಎಷ್ಟು ಬೇಗ ಸೋಲುತ್ತದೆ ಎಂಬ ಪಾಠವನ್ನು ಮಾಂಡವಿ ಕಲಿಸಿತ್ತು.

ಮಡಗಾಂವ, ಕಾಣಕೋಣ ದಾಟಿ ಪೋಳೆಯ ಬಳಿ ನಮ್ಮ ನಾಡು ಸೇರುತ್ತೇವೆ. ಮಾಜಾಳಿಯಿಂದ ತಲಪಾಡಿಯವರೆಗೆ, ಸುಮಾರು 280 ಕಿಲೋಮೀಟರು ಕರ್ನಾಟಕದ್ದು. ಮೊದಲ ಹೊಳೆಯೇ ಕಾಳಿ. ಸದಾಶಿವಗಡದ ಗುಡ್ಡದಿಂದ ಕಾರವಾರದ ಕಡೆಗೆ ನೋಡಿದರೆ ಹೊಳೆ, ಕಡಲು, ದ್ವೀಪ, ಬೆಟ್ಟ ಎಲ್ಲವೂ ಒಂದೇ ನೋಟದಲ್ಲಿ ಸೇರುತ್ತವೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರನಾಥ ಠಾಕೂರರು ಬಂದು ತಂಗಿ, ಇಲ್ಲಿಯೇ ನಾಟಕವೊಂದನ್ನು ಬರೆದರು.

ಈ ಕಾಳಿಯ ಮೇಲೆ ಎರಡು ಸೇತುವೆಗಳಿದ್ದವು. ಹಳೆಯದು ನಾಲ್ಕು ದಶಕಗಳದ್ದು, ಇನ್ನೊಂದು ಹೆದ್ದಾರಿ ಅಗಲವಾದಾಗ ಕಟ್ಟಿದ್ದು. 2024ರ ಆಗಸ್ಟ್ 7ರ ನಡುರಾತ್ರಿ ಹಳೆಯದು ಮುರಿದು ಬಿತ್ತು. ಅದರ ಮೇಲಿದ್ದ ಲಾರಿಯೊಂದು ಹೊಳೆಗೆ ಹೋಯಿತು. ಚಾಲಕ ಹೇಗೋ ಲಾರಿಯ ಮೇಲೆ ಹತ್ತಿ ಕುಳಿತ. ಪೊಲೀಸರೂ ಮೀನುಗಾರರೂ ಅವನನ್ನು ದೋಣಿಯಲ್ಲಿ ದಡಕ್ಕೆ ತಂದರು. ಸೇತುವೆ ಬಿದ್ದ ರಾತ್ರಿ ಮನುಷ್ಯನನ್ನು ದಾಟಿಸಿದ್ದು ಮತ್ತೆ ದೋಣಿಯೇ.

ಕಾರವಾರದಿಂದ ಅಂಕೋಲೆಗೆ ಬರುವಾಗ ಗಮನಿಸಿ. ಇಲ್ಲಿ ಸಹ್ಯಾದ್ರಿ ಕಡಲಿನ ಹತ್ತಿರಕ್ಕೇ ಬಂದುಬಿಟ್ಟಿದೆ. ಬೆಟ್ಟವೋ ಹೊಳೆಯೋ ಎಂದು ಆರಿಸುವ ಅವಕಾಶವಿಲ್ಲ. ಎರಡೂ ಒಟ್ಟಿಗೆ ಬರುತ್ತವೆ. ಎರಡು ಸಾಲಿನ ರಸ್ತೆ ನಾಲ್ಕು ಸಾಲಾಗಬೇಕೆಂದಾಗ ಬೇಕಾದ ಅಗಲವನ್ನು ಕೊಡುವವರು ಯಾರು? ಒಂದು ಕಡೆ ನೀರು. ಆದ್ದರಿಂದ ಗುಡ್ಡದ ಬುಡವನ್ನು ಕಡಿದರು.

ಗುಡ್ಡದ ಬುಡ ಕಡಿಯುವುದರ ಅರ್ಥವನ್ನು ಕರಾವಳಿಯಲ್ಲಿ ಬಾವಿ ತೋಡಿಸಿದವರೆಲ್ಲ ಬಲ್ಲರು. ನಮ್ಮ ನೆಲದಲ್ಲಿ ಅನೇಕ ಕಡೆ ಮೇಲೆ ಮುರಕಲ್ಲಿನ ಗಟ್ಟಿ ಪದರ. ಅದರ ಕೆಳಗೆ ಸೇಡಿಮಣ್ಣು. ಒಣಗಿದಾಗ ಅದು ಗೋಡೆಯ ಹಾಗೆ ನಿಲ್ಲುತ್ತದೆ. ನೀರು ಕುಡಿದರೆ ಬೆಣ್ಣೆಯ ಹಾಗೆ ಜಾರುತ್ತದೆ. ಗುಡ್ಡ ಓರೆಯಾಗಿ ಇಳಿದಿರುವವರೆಗೆ ತನ್ನ ಭಾರವನ್ನು ತಾನೇ ಹೊತ್ತುಕೊಂಡಿರುತ್ತದೆ. ಬುಡವನ್ನು ನೆಟ್ಟಗೆ ಕತ್ತರಿಸಿದರೆ, ಹೊರೆ ಹೊತ್ತವನ ಕಾಲಡಿಯ ಮಣೆಯನ್ನು ಎಳೆದ ಹಾಗಾಗುತ್ತದೆ. ಮೊದಲ ಮಳೆಗೆ ಏನೂ ಆಗದಿರಬಹುದು. ಎರಡನೆಯ, ಐದನೆಯ, ಹತ್ತನೆಯ ಮಳೆಗೆ ಆಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಮೇಲಿನ ನೀರಿಗೆ ಚರಂಡಿ ಮಾಡಿ, ಒಳಗಿನ ನೀರು ಹೊರಬರಲು ದಾರಿ ಬಿಟ್ಟು, ಹುಲ್ಲುಗಿಡ ಹಿಡಿಸಿದರೆ ಗುಡ್ಡ ನಿಲ್ಲುತ್ತದೆ. ಇದಕ್ಕೆ ಹೆಚ್ಚು ನೆಲ ಬೇಕು, ಹೆಚ್ಚು ಹಣ ಬೇಕು, ಹೆಚ್ಚು ದಿನ ಬೇಕು.

2024ರ ಜುಲೈ 16ರ ಬೆಳಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ರಸ್ತೆಯ ಬದಿಯಲ್ಲಿ ಚಹದ ಅಂಗಡಿಯಿತ್ತು. ದೂರದ ಲಾರಿಯವರು ನಿಲ್ಲಿಸಿ ಒಂದು ಲೋಟ ಚಹ ಕುಡಿದು ಹೋಗುವ ಜಾಗ. ಮಣ್ಣು ಅಂಗಡಿಯನ್ನೂ, ಅದನ್ನು ನಡೆಸುತ್ತಿದ್ದ ಸಂಸಾರವನ್ನೂ, ನಿಂತಿದ್ದ ವಾಹನಗಳನ್ನೂ ಗಂಗಾವಳಿ ಹೊಳೆಗೆ ನೂಕಿತು. ಹೊಳೆಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೂ ಬಡಿಯಿತು. ಕೇರಳದ ಲಾರಿಯೊಂದನ್ನೂ ಅದರ ಚಾಲಕನ ದೇಹವನ್ನೂ ಹೊಳೆಯ ತಳದಿಂದ ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು. ಎರಡು ತಿಂಗಳಿಗೂ ಹೆಚ್ಚು ಕಾಲ ಆ ಹೊಳೆಯ ದಡದಲ್ಲಿ ಎರಡು ರಾಜ್ಯಗಳ ಜನ ಒಟ್ಟಿಗೆ ಕಾದರು. ಕಾದವರಿಗೆ ರಾಜ್ಯದ ಗಡಿ ನೆನಪಿರಲಿಲ್ಲ.

ಗಂಗಾವಳಿಯ ಬಳಿಕ ಅಘನಾಶಿನಿ. ಅಣೆಕಟ್ಟಿಲ್ಲದೆ ತನ್ನಿಚ್ಛೆಯಂತೆ ಕಡಲು ಸೇರುವ ಹೊಳೆ. ಅದರ ಬಳಿ ಮಿರ್ಜಾನ ಕೋಟೆ. ಆಮೇಲೆ ಕುಮಟೆ, ಹೊನ್ನಾವರ. ಜೋಗದಲ್ಲಿ ಧುಮುಕಿದ ಶರಾವತಿ ಇಲ್ಲಿ ಎಷ್ಟು ಶಾಂತಳಾಗಿ ಹರಡಿಕೊಂಡಿದ್ದಾಳೆಂದರೆ, ಇದೇ ನೀರೇ ಅದು ಎಂದು ನಂಬಲು ಮನಸ್ಸಾಗದು. ಮುರ್ಡೇಶ್ವರ, ಭಟ್ಕಳ, ಬೈಂದೂರು. ಆಮೇಲೆ ಮರವಂತೆ. ಬಲಗಡೆ ಅಲೆ ಬಡಿಯುವ ಕಡಲು, ಎಡಗಡೆ ಅಲುಗದ ಸೌಪರ್ಣಿಕೆ, ನಡುವೆ ರಸ್ತೆಗೆ ಬೇಕಾದಷ್ಟೇ ನೆಲ. ರಾತ್ರಿಯ ಬಸ್ಸಿನಲ್ಲಿ ನಿದ್ದೆ ಹತ್ತಿದವರು ಇದನ್ನು ಕಳೆದುಕೊಳ್ಳುತ್ತಾರೆ. ಸಾಧ್ಯವಾದರೆ ಹಗಲಿನಲ್ಲಿ ಹೋಗಿ. ಮುಂದೆ ಸೌಪರ್ಣಿಕೆ, ವಾರಾಹಿ, ಚಕ್ರೆ ಮೊದಲಾದ ಐದು ಹೊಳೆಗಳು ಕೂಡುವ ಕುಂದಾಪುರ, ಶಿವರಾಮ ಕಾರಂತರು ಹುಟ್ಟಿದ ಕೋಟ. ಅಲ್ಲಿಂದ ನಮ್ಮ ಅಜ್ಜಿಯ ಹೊಳೆಗಳನ್ನು ಎಣಿಸುತ್ತ ಮಂಗಳೂರು.

ಈ ದಾರಿಯಲ್ಲಿ ಮಾಲು ಹೋಗುತ್ತದೆ, ಮೀನು ಹೋಗುತ್ತದೆ, ಪಣಂಬೂರಿನ ಬಂದರಿನ ಸರಕು ಹೋಗುತ್ತದೆ. ಅದೆಲ್ಲ ಸರಿ. ಅದಕ್ಕಿಂತ ಮಿಗಿಲಾದ ಹೊರೆಯೊಂದಿದೆ. ಕಾರವಾರ, ಅಂಕೋಲೆ, ಕುಮಟೆ, ಭಟ್ಕಳಗಳಲ್ಲಿ ಯಾರಿಗಾದರೂ ಗಂಭೀರ ಕಾಯಿಲೆಯಾದರೆ ಮನೆಯವರು ಮಣಿಪಾಲ, ಮಂಗಳೂರು, ಇಲ್ಲವೆ ಗೋವೆಯ ದಾರಿ ಹಿಡಿಯುತ್ತಾರೆ. ಆ ದಾರಿ ಇದೇ. ಗುಡ್ಡ ಬಿದ್ದು ಹೆದ್ದಾರಿ ಮುಚ್ಚಿತು ಎಂಬ ಸುದ್ದಿ ನಿಮಗೆ ಒಂದು ವಾಕ್ಯವಾಗಿ ಕೇಳಿಸಬಹುದು. ಆಂಬುಲೆನ್ಸಿನಲ್ಲಿ ಕುಳಿತ ತಾಯಿಗೆ ಅದು ಗಳಿಗೆಗಳ ಲೆಕ್ಕ.

ನೇತ್ರಾವತಿಯನ್ನು ದಾಟಿದರೆ ತೊಕ್ಕೊಟ್ಟು, ತಲಪಾಡಿ. ಅಲ್ಲಿಂದ ಕೇರಳ. ಆದರೆ ಕನ್ನಡ ಅಲ್ಲಿಗೆ ನಿಲ್ಲುವುದಿಲ್ಲ. ರಾಷ್ಟ್ರಕವಿ ಗೋವಿಂದ ಪೈಗಳ ಮನೆಯಿರುವ ಮಂಜೇಶ್ವರ ಗಡಿಯಿಂದ ಕೂಗಳತೆಯ ದೂರ. ಕುಂಬಳೆ, ಕಾಸರಗೋಡುಗಳ ಜನ ಹಿಂದಿನಿಂದಲೂ ಮದ್ದಿಗೆ, ಓದಿಗೆ, ಮದುವೆಯ ಜವಳಿಗೆ ಮಂಗಳೂರಿಗೇ ಬರುವವರು. 2020ರ ಮಾರ್ಚಿನಲ್ಲಿ ಕೊರೋನಾ ಸೋಂಕಿನ ಭಯದಿಂದ ತಲಪಾಡಿಯ ಗಡಿ ಮುಚ್ಚಿತು. ಕಾಸರಗೋಡಿನ ಕಡೆಯ ರೋಗಿಗಳು ಮಂಗಳೂರಿನ ಆಸ್ಪತ್ರೆಗೆ ಬರಲಾರದೆ ಹಿಂದಿರುಗಬೇಕಾಯಿತು. ಪ್ರಾಣಗಳೂ ಹೋದವು. ವಿಷಯ ನ್ಯಾಯಾಲಯಕ್ಕೆ ಹೋಗಿ, ಏಪ್ರಿಲಿನಲ್ಲಿ ತುರ್ತು ರೋಗಿಗಳಿಗೆ ದಾರಿ ಬಿಡುವ ಏರ್ಪಾಡಾಯಿತು. ಸೋಂಕಿನ ಭಯ ಸುಳ್ಳಾಗಿರಲಿಲ್ಲ. ಹೊಳೆಗೆ ಸೇತುವೆ ಕಟ್ಟಿದ ನಾವು ಗಡಿಗೊಂದು ಸೇತುವೆ ಕಟ್ಟಿಕೊಂಡಿರಲಿಲ್ಲ ಎಂಬುದೂ ಸುಳ್ಳಾಗಿರಲಿಲ್ಲ.

ಹೆದ್ದಾರಿಯ ಅತಿ ಉದ್ದದ ಪಾಲು ಕೇರಳದ್ದು, ಆರುನೂರು ಕಿಲೋಮೀಟರಿಗೂ ಮಿಗಿಲು. ಕಾಸರಗೋಡು, ಪಯ್ಯನ್ನೂರು, ಕಣ್ಣೂರು, ತಲಶ್ಶೇರಿ. ಆಮೇಲೆ 1954ರವರೆಗೆ ಫ್ರೆಂಚರ ಕೈಯಲ್ಲಿದ್ದ, ಈಗ ಪುದುಚೇರಿಗೆ ಸೇರಿದ ಪುಟ್ಟ ಮಾಹೆ. ತಲಶ್ಶೇರಿ, ಮಾಹೆ ಪೇಟೆಗಳ ಕಿರುದಾರಿ ತಪ್ಪಿಸುವ ಹೊರದಾರಿ 2024ರ ಮಾರ್ಚಿನಲ್ಲಿ ತೆರೆಯಿತು. ಕೋಳಿಕ್ಕೋಡಿನ ತೆಂಕಿಗೆ ಕುಟ್ಟಿಪ್ಪುರಂ. ಅಲ್ಲಿ ಭಾರತಪ್ಪುಳೆಯ ಮೇಲೆ 1953ರಲ್ಲಿ ಸೇತುವೆಯಾದಾಗ ಮಲಯಾಳದ ಕವಿ ಇಡಶ್ಶೇರಿ ಅದರ ಮೇಲೊಂದು ಕವಿತೆಯನ್ನೇ ಬರೆದರು. ಮಲಯಾಳಿಗಳು ಇಂದಿಗೂ ಅದನ್ನು ಓದುತ್ತಾರೆ. ಸೇತುವೆಯೊಂದು ಕವಿತೆಯಾಗುವಷ್ಟು ದೊಡ್ಡ ಸಂಗತಿಯಾಗಿದ್ದ ಕಾಲ ಅದು.

ಇಡಪ್ಪಳ್ಳಿಯಿಂದ ಮುಂದೆ ಕೊಚ್ಚಿ, ಚೇರ್ತಲ, ಆಲಪ್ಪುಳ. ಇಲ್ಲಿ ಬೆಟ್ಟವಿಲ್ಲ. ಕಡಲಿಗೂ ಹಿನ್ನೀರಿಗೂ ನಡುವಿನ ಮರಳುದಿಣ್ಣೆಯ ಮೇಲೆ ರಸ್ತೆ ನಡೆಯುತ್ತದೆ. ಕಷ್ಟ ಬೇರೆ ಬಗೆಯದು. ಊರು ಮುಗಿಯುವುದೇ ಇಲ್ಲ. ಒಂದು ಮನೆಯ ತೋಟ ಮುಗಿಯುವಲ್ಲಿ ಇನ್ನೊಂದು ಮನೆ. ನೆಲವೂ ಮೆದು. 2025ರ ಮೇ 19ರಂದು ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ, ಗದ್ದೆಯ ಮೇಲೆ ಮಣ್ಣು ತುಂಬಿ ಎತ್ತರಿಸಿದ ಹೊಸ ಹೆದ್ದಾರಿ ಕುಸಿದು ಕುಳಿತಿತು. ಅಲ್ಲಿ ಇನ್ನು ಕಂಬಗಳ ಮೇಲೆ ರಸ್ತೆ ಒಯ್ಯಬೇಕೆಂದು ತೀರ್ಮಾನವಾಯಿತು. ಗದ್ದೆ ತಾನು ಗದ್ದೆಯೆಂಬುದನ್ನು ಮರೆತಿರಲಿಲ್ಲ.

ಕೊಲ್ಲಂ, ತಿರುವನಂತಪುರ, ನೆಯ್ಯಾಟಿನ್‌ಕರ. ಕಳಿಯಿಕ್ಕಾವಿಳೆಯಲ್ಲಿ ತಮಿಳುನಾಡು. 1956ರವರೆಗೆ ತಿರುವಾಂಕೂರಿನೊಡನಿದ್ದ ನಾಡಿದು. ಮಾರ್ತಾಂಡಂ, ನಾಗರಕೋವಿಲು. ಕೊನೆಗೆ ಕನ್ಯಾಕುಮಾರಿ. ಕಾಶ್ಮೀರದಿಂದ ಬೆಂಗಳೂರಿನ ಮೇಲೆ ಹಾಯ್ದು ಬರುವ 44ನೆಯ ಹೆದ್ದಾರಿಯೂ ಈ ಊರಿಗೇ ಬಂದು ಮುಗಿಯುತ್ತದೆ.

ಇಷ್ಟು ದೂರ ಬಂದ ಮೇಲೆ ಮತ್ತೆ ನಮ್ಮ ಅಂಬಿಗನ ಕಡೆಗೆ ತಿರುಗುತ್ತೇನೆ. ಆ ಕಾಲ ಮರಳಿ ಬರಲೆಂದು ನಾನು ಹೇಳುತ್ತಿಲ್ಲ. ಕಡವಿನಲ್ಲಿ ಹೆರಿಗೆ ಬೇನೆಯ ಹೆಂಗಸರು ಕಾದ ಕಥೆಗಳನ್ನು ಅಜ್ಜಿಯ ಬಾಯಿಂದಲೇ ಕೇಳಿದ್ದೇನೆ. ಅವು ಸುಖದ ಕಥೆಗಳಲ್ಲ. ಸೇತುವೆ ಬಂದದ್ದು ಭಾಗ್ಯ. ಆದರೆ ಸೇತುವೆ ಬಂದಾಗ ಅಂಬಿಗ ಮನೆಗೆ ಹೋದ. ಅವನ ಜೊತೆಗೆ, ನೀರು ನೋಡಿ, ಮೋಡ ನೋಡಿ, “ಈಗ ಆತಿಲ್ಲೆ” ಎನ್ನುವ ಮಾತೂ ಹೋಯಿತು. ಸಾವಿತ್ರಿಯ ದಡದಲ್ಲಿ ಆ ರಾತ್ರಿ ಬೇಕಾಗಿದ್ದದ್ದು ಆ ಮಾತೊಂದೇ. ಶಿರೂರಿನ ಗುಡ್ಡದ ಕೆಳಗೆ ಬೇಕಾಗಿದ್ದದ್ದೂ ಅದೇ.

ಅಂಬಿಗನ ಆ ಕೆಲಸ ಇಂದೂ ಉಳಿದಿದೆ. ಅದನ್ನು ಮಾಡಬೇಕಾದವರು ಬೇರೆ. ಹಳೆಯ ಸೇತುವೆಯ ಕಾಲು ಸವೆದಿದೆಯೇ ಎಂದು ಮಳೆಗಾಲಕ್ಕೆ ಮೊದಲು ನೀರಿಗಿಳಿದು ನೋಡುವವರು ಬೇಕು. ಕಡಿದ ಗುಡ್ಡದಲ್ಲಿ ಬಿರುಕು ಬಿಟ್ಟಿದೆಯೇ, ಕೆಸರುನೀರು ಒಸರುತ್ತಿದೆಯೇ ಎಂದು ನೋಡುವವರು ಬೇಕು. ನೋಡಿದ ಮೇಲೆ ದಾರಿ ಮುಚ್ಚುವ ಧೈರ್ಯವೂ ಬೇಕು. ರಸ್ತೆ ಮುಚ್ಚಿದರೆ ಬೈಯುವವರು ನಾವೇ ಅಲ್ಲವೇ? ಎರಡು ಗಂಟೆ ತಡವಾಯಿತೆಂದು ಪೊಲೀಸಿನವನ ಮೇಲೆ ರೇಗುವವರೂ ನಾವೇ. ಹೆದ್ದಾರಿಯ ಬದಿಯಲ್ಲಿ ಮನೆಯಿರುವವರು ತಮ್ಮ ಗುಡ್ಡದಲ್ಲಿ ಕಂಡ ಬಿರುಕನ್ನು ಪಂಚಾಯಿತಿಗೆ ಬರೆದು ತಿಳಿಸಿದರೆ, ಅದೂ ಅಂಬಿಗನ ಕೆಲಸವೇ.

ಬರುವ ಆಷಾಢದಲ್ಲಿ ನೀವು ಈ ದಾರಿಯಲ್ಲಿ ಹೊರಟಿರಬಹುದು. ಎಲ್ಲಿಯೋ ಒಂದು ಕಡೆ ಬಸ್ಸು ನಿಂತು, “ಮುಂದೆ ಬಿಡುವುದಿಲ್ಲ, ನೀರು ಇಳಿಯಲಿ” ಎಂದು ಯಾರಾದರೂ ಕೈ ಅಡ್ಡ ಹಿಡಿದರೆ, ದಯವಿಟ್ಟು ಬೇಸರಪಡಬೇಡಿ. ಕೆಳಗಿಳಿದು, ಹತ್ತಿರದ ಅಂಗಡಿಯಲ್ಲಿ ಒಂದು ಲೋಟ ಚಹ ಕುಡಿಯಿರಿ. ನಮ್ಮ ದೊಡ್ಡಜ್ಜಿ ಮಾಬುಕಳದ ಕಡವಿನಲ್ಲಿ ಹೀಗೆಯೇ ಕಾದು ಕುಳಿತಿದ್ದರು. ತಡವಾಗಿಯಾದರೂ ಆರು ಹೊಳೆಗ�ನ್ನೂ ದಾಟಿ ಮಂಗಳೂರು ಸೇರಿದರು.